ಚಿಗವ್ವನ ಮಗ್ಗ, ಕತ್ತರಿಸಿದ ಕಬ್ಬಿಣ

ಪ್ರತಿ ವರ್ಷ ತರಗತಿಯಲ್ಲಿ ಒಂದು ಕಟ್ಟಡದ ಚೌಕಟ್ಟು ಬರೆಯಲು ಹೇಳುತ್ತೇನೆ. ಉಕ್ಕಿನ ಕಂಬಗಳು, ಅವನ್ನು ಜೋಡಿಸುವ ಉಕ್ಕಿನ ತೊಲೆಗಳು, ಎರಡೋ ಮೂರೋ ಅಂತಸ್ತು. ವಿದ್ಯಾರ್ಥಿಗಳು ಸ್ಕೇಲು ಹಿಡಿದು ಅಚ್ಚುಕಟ್ಟಾಗಿ ಬರೆದು ಮುಗಿಸುವವರೆಗೆ ಕಾಯುತ್ತೇನೆ. ಆಮೇಲೆ, ಈಗ ರಬ್ಬರು ತೆಗೆದುಕೊಂಡು ಕೆಳಗಿನ ಒಂದು ಕಂಬ ಅಳಿಸಿ ಎನ್ನುತ್ತೇನೆ. ಯಾವ ಕಂಬ ಮೇಡಂ ಎಂದು ಕೇಳುತ್ತಾರೆ. ಯಾವುದಾದರೂ ಸರಿ. ಭೂಕಂಪ ನಿಮ್ಮನ್ನು ಕೇಳಿ ಆರಿಸುವುದಿಲ್ಲ.

ಕಂಬ ಹೋದ ಮೇಲೆ ಅದು ಹೊತ್ತಿದ್ದ ಭಾರ ಏನಾಗುತ್ತದೆ ಎಂಬುದೇ ಪಾಠ. ಭಾರ ಎಲ್ಲಿಗೂ ಹೋಗುವುದಿಲ್ಲ, ಪಕ್ಕದ ಕಂಬಗಳ ಮೇಲೆ ಬೀಳುತ್ತದೆ. ಅವು ತಡೆದುಕೊಂಡರೆ, ಮೇಲಿನ ತೊಲೆ ಹಗ್ಗದ ಹಾಗೆ ಜೋತು ಬಿದ್ದಾದರೂ ಹಿಡಿದುಕೊಂಡರೆ, ಕಟ್ಟಡ ವಾಲುತ್ತದೆ, ಗೋಡೆ ಬಿರುಕು ಬಿಡುತ್ತದೆ, ಆದರೆ ಒಳಗಿದ್ದವರು ಎದ್ದು ಹೊರಗೆ ಬರುವಷ್ಟು ಹೊತ್ತು ನಿಲ್ಲುತ್ತದೆ. ತಡೆಯದಿದ್ದರೆ ಎರಡನೆಯದು ಮಡಚಿಕೊಳ್ಳುತ್ತದೆ. ಅದರ ಭಾರ ಮೂರನೆಯದಕ್ಕೆ. ಹೀಗೆ ಒಂದು ಮೂಲೆಯಲ್ಲಿ ಶುರುವಾದದ್ದು ಇಡೀ ಕಟ್ಟಡವನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಕೆಳಗೆ ತರುತ್ತದೆ. ಉಕ್ಕು ಒಳ್ಳೆಯ ವಸ್ತು, ಮುರಿಯುವ ಮೊದಲು ಬಾಗುತ್ತದೆ. ಉಕ್ಕನ್ನು ಉಕ್ಕಿಗೆ ಸೇರಿಸುವ ಬೆಸುಗೆಗೆ, ಬೋಲ್ಟಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಎಷ್ಟೋ ಕಟ್ಟಡಗಳು ಸೋಲುವುದು ಕೂಡುವ ಜಾಗದಲ್ಲಿ.

ಬಾಗಲಕೋಟೆಯ ನವನಗರದಲ್ಲಿ ಕೂತು ಇದನ್ನೇ ವರ್ಷ ವರ್ಷ ಹೇಳಿ ಹೇಳಿ ನನಗೊಂದು ಚಟ ಅಂಟಿಕೊಂಡಿದೆ. ತೀರಾ ಚೆಂದವಾಗಿ ನಿಂತಿರುವ ನೆನಪು ಕಂಡರೆ ಅದರ ಒಂದು ಕಂಬ ತೆಗೆದು ನೋಡಬೇಕು ಅನಿಸುತ್ತದೆ. ಒಬ್ಬರನ್ನು ತೆಗೆದರೆ ಉಳಿದದ್ದು ನಿಲ್ಲುತ್ತದೆಯೋ ಇಲ್ಲವೋ. ಇಲ್ಲಿ ಬರೆಯುತ್ತಿರುವುದು ನಾನು ಎಲ್ಲಕ್ಕಿಂತ ಕಡಿಮೆ ನಂಬುವ ನೆನಪು, ಯಾಕೆಂದರೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅದೇ.

ಅದು ಇಳಕಲ್ಲಿನಲ್ಲಿ ನನ್ನ ಚಿಗವ್ವನ ಮಗ್ಗದ ಖೋಲಿ. ಚಿಗವ್ವ ಅಂದರೆ ನನ್ನ ತಾಯಿಯ ತಂಗಿ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅವಳು ಕೂತಿರುತ್ತಾಳೆ. ಮಗ್ಗದಿಂದ ಹೊರಟ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳು, ಖೋಲಿ ದಾಟಿ ಹೊರಗಿನ ಪಡಸಾಲೆಯವರೆಗೆ ಬಿಗಿಯಾಗಿ ಚಾಚಿಕೊಂಡಿರುತ್ತದೆ. ಖೋಲಿಗೂ ಪಡಸಾಲೆಗೂ ನಡುವೆ ಗೋಡೆಯಿಲ್ಲ, ಎರಡು ಕಬ್ಬಿಣದ ಕಂಬಗಳ ನಡುವಿನ ದೊಡ್ಡ ತೆರಪು ಮಾತ್ರ. ಮಧ್ಯಾಹ್ನ ಇಳಿದ ಮೇಲೆ ಬಿಸಿಲು ಆ ತೆರಪಿನಿಂದ ಒಳಗೆ ಬಂದು ಹಾಸಿನ ಮೇಲೆ ಕೂಡುತ್ತಿತ್ತು. ಲಾಳಿ ಅತ್ತಿಂದಿತ್ತ ಹೋದಾಗಲೆಲ್ಲ ಆ ಬಿಸಿಲು ನಡುಗುತ್ತಿತ್ತು. ರಜೆಯಲ್ಲಿ ಬಾಗಲಕೋಟೆಯಿಂದ ಹೋದ ನಾನು ಪಡಸಾಲೆಯ ಬಂಡೆಗಲ್ಲಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ ಅದನ್ನೇ ನೋಡುತ್ತಿದ್ದೆ.

ಕಂಬದ ಮೇಲೆ, ಚಿಗವ್ವನ ತಲೆಯ ಎತ್ತರಕ್ಕೆ, ಒಂದು ಕಬ್ಬಿಣದ ತುಂಡು ಕಿವಿಯ ಹಾಗೆ ಹೊರಗೆ ಬಂದಿತ್ತು. ಅದಕ್ಕೆ ಅವಳು ಕಂಡಿಕೆಯ, ಅಂದರೆ ಲಾಳಿಗೆ ಹಾಕುವ ನೂಲಿನ ಸುರುಳಿಗಳ, ಚೀಲ ತೂಗುಹಾಕುತ್ತಿದ್ದಳು. ಎದುರಿನ ಕಂಬಕ್ಕೂ ಅಂಥದೇ ಕಿವಿ. ಅದಕ್ಕೆ ಕನ್ನಡಿ. ಮನೆ ಕಟ್ಟುವಾಗಲೇ ಚೀಲಕ್ಕೂ ಕನ್ನಡಿಗೂ ಅಂತ ಯಾರೋ ಪ್ರೀತಿಯಿಂದ ಮಾಡಿಟ್ಟದ್ದು ಎಂದು ನಾನು ತಿಳಿದಿದ್ದೆ.

ಆ ಮನೆ ಮಾಮಾನದು, ನನ್ನ ತಾಯಿಯ, ಚಿಗವ್ವನ ಅಣ್ಣನದು. ಕೆಳಗೆ ಅವನ ಸೀರೆ ಅಂಗಡಿ, ಮೇಲೆ ಸಂಸಾರ, ಅದರ ಮೇಲೆ ನೀರಿನ ಟಾಕಿ. ಅಣೆಕಟ್ಟಿನ ನೀರಿಗೆ ಊರು ಮುಳುಗಡೆಯಾಗುವ ಕಾಲದಲ್ಲಿ ಹಳೆ ಬಾಗಲಕೋಟೆಯ ಜನ ಬಾಗಿಲು, ಜಂತಿ, ಕಿಟಕಿ ಬಿಚ್ಚಿಕೊಂಡು ಹೊರಟಾಗ, ಅಲ್ಲಿನ ಒಂದು ಹತ್ತಿಗಿರಣಿಯ ಕಬ್ಬಿಣ ಮಾರಾಟಕ್ಕಿದೆ ಎಂದು ಕೇಳಿ ಮಾಮಾ ಲಾರಿ ತಗೊಂಡು ಬಂದಿದ್ದ. ಗಿರಣಿಯ ಕಂಬ, ಗರ್ಡರ್‌ಗಳೇ ಇಳಕಲ್ಲಿಗೆ ಹೋಗಿ ಮನೆಯಾದವು. ಕಂಬಗಳ ಮೈಮೇಲೆ ಹಳೆಯ ಬೋಲ್ಟಿನ ತೂತುಗಳು ಹಾಗೇ ಇವೆ. ಓಣಿಯವರು ಅದನ್ನು ಕಬ್ಬಿಣದ ಮನಿ ಎನ್ನುತ್ತಿದ್ದರು. ಸ್ವಲ್ಪ ಮೆಚ್ಚಿಗೆ, ಸ್ವಲ್ಪ ಕುಚೋದ್ಯ. ಉಳಿದವರದು ಕಲ್ಲು ಮಣ್ಣಿನ ಮನೆ. ಮಾಮಾನದು ನೀರಿನಡಿ ಹೋಗಬೇಕಿದ್ದ ಗಿರಣಿ.

ಅದನ್ನು ನಿಲ್ಲಿಸಿದವನು ಹುನಗುಂದದ ಚಾಚಾ. ವೆಲ್ಡಿಂಗ್ ಅಂಗಡಿಯವನು, ಮಾಮಾನ ಬಾಲ್ಯದ ಗೆಳೆಯ. ಯಾರೋ ಇಂಜಿನಿಯರ್ ಬರೆದುಕೊಟ್ಟ ನಕ್ಷೆ ಇತ್ತಂತೆ. ರಸ್ತೆಯ ಕಡೆಯ ಸಾಲಿನಲ್ಲಿ ಮೂರು ಅಂಕಣ, ಅಂದರೆ ಕಂಬದಿಂದ ಕಂಬಕ್ಕೆ ಮೂರು ತೆರಪು. ಮೊದಲನೆಯದು ಅಂಗಡಿಯ ಬಾಗಿಲು. ನಡುವಿನದು ಮೇಲೆ ಹೋಗುವ ದಾರಿ. ಕಡೆಯದು ಸಾಮಾನು ಇಡುವ ಖೋಲಿ. ಆ ಕಡೆಯ ಅಂಕಣದಲ್ಲಿ ಮಾತ್ರ ಎರಡು ಉದ್ದ ಕಬ್ಬಿಣ ಒಂದನ್ನೊಂದು ಕತ್ತರಿ ಹಾಕಿಕೊಂಡು, ಗುಣಾಕಾರದ ಗುರುತಿನ ಹಾಗೆ, ಮೂಲೆಯಿಂದ ಮೂಲೆಗೆ ಹೋಗಿದ್ದವು. ಚಾಚಾ ಅದಕ್ಕೆ ಕ್ರಾಸ್ ಎನ್ನುತ್ತಾನೆ. ಮನೆಯ ಭಾರ ಹೊರುವುದರಲ್ಲಿ ಅದರ ಕೆಲಸ ಹೆಚ್ಚಿಲ್ಲ. ಅದು ಇರುವುದು ನೆಲ ಅಡ್ಡಕ್ಕೆ ಅಲುಗಿದಾಗ ಮನೆ ಪಕ್ಕಕ್ಕೆ ವಾಲದ ಹಾಗೆ ಹಿಡಿಯಲು. ಅಂದರೆ ಎಷ್ಟೋ ವರ್ಷ ಅದು ಏನೂ ಮಾಡದೆ ಸುಮ್ಮನೆ ನಿಂತಿರುತ್ತದೆ. ಏನೂ ಮಾಡದೆ ನಿಂತಿರುವುದನ್ನು ನಮ್ಮ ಮನೆತನದಲ್ಲಿ ಯಾರೂ ಹೆಚ್ಚು ದಿನ ಸಹಿಸುವುದಿಲ್ಲ.

ಮನೆ ಎದ್ದ ಮೇಲೆ ಚಿಗವ್ವ ಗುಳೇದಗುಡ್ಡದ ಗಂಡನ ಮನೆ ಬಿಟ್ಟು ತಿರುಗಿ ಬಂದಳು. ಯಾಕೆ ಬಂದಳು ಎನ್ನುವುದಕ್ಕೆ ಮನೆಯಲ್ಲಿ ಬೇರೆ ಬೇರೆ ಕಾರಣ ಕೇಳಿದ್ದೇನೆ, ಯಾವುದನ್ನೂ ನಂಬಿಲ್ಲ. ಸಾಮಾನಿನ ಖೋಲಿಯಲ್ಲಿ ಕಂಬಕ್ಕೆ ತಾಗಿಕೊಂಡು, ಬೆಳಕು ಬರುವ ಕಡೆ, ಕುಣಿ ತೋಡಿಸಿ ಮಗ್ಗ ಹೂಡಿದಳು. ಹಾಸು ಪಡಸಾಲೆಗೆ ಚಾಚಬೇಕಾದರೆ ಕ್ರಾಸಿನ ಒಂದು ಕಾಲು ಸರಿಯಾಗಿ ಎಳೆಗಳ ಮೇಲೇ ಬರುತ್ತಿತ್ತು. ಇಳಕಲ್ಲ ಸೀರೆಯ ಒಡಲು ಒಂದು ಹಾಸು, ಸೆರಗು ಇನ್ನೊಂದು. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಕೂಡಿಸಿದ ಮೇಲೆ ಆ ಎಳೆಗಳು ಯಾವುದಕ್ಕೂ ತಾಗಬಾರದು. ಕೆಲವು ಸೀರೆಗಳನ್ನು ಅವಳು ಕಬ್ಬಿಣಕ್ಕೆ ಹಳೆ ಬಟ್ಟೆ ಸುತ್ತಿ, ಬಗ್ಗಿ, ಬೈದು ನೇಯ್ದಳು. ಆಮೇಲೆ ಹುನಗುಂದದಿಂದ ಚಾಚಾ ಗ್ಯಾಸ್ ಕಟರ್ ತಗೊಂಡು ಬಂದ.

ಆ ದಿನ ನನಗೆ ಪೂರ್ತಿ ನೆನಪಿದೆ. ಚಾಚಾನ ಕಪ್ಪು ಕನ್ನಡಕ, ನೀಲಿ ಉರಿ, ಕಿಡಿ ಹಾರಿ ಮಗ್ಗಕ್ಕೆ ಬೀಳಬಾರದೆಂದು ಚಿಗವ್ವ ತೊಯ್ಸಿದ ಕೌದಿ ಹೊದಿಸಿದ್ದು, ಆ ಕೌದಿಯಿಂದ ಎದ್ದ ಹಸಿ ವಾಸನೆ. ಇದನ್ನು ಒಮ್ಮೆ ನನ್ನ ತಾಯಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು, "ನೀ ಎಲ್ಲಿದ್ದೆವಾ ಅಲ್ಲೆ? ನಿನ್ನ ಪರೀಕ್ಷಾ ಇತ್ತು. ನಾ ಹೋಗಿ ಬಂದು ನಿನಗ ಹೇಳಿದ್ದು ಅದು."

"ಕೌದಿ ವಾಸನಿ?"

"ವಾಸನಿನೂ ನಾನ ಹೇಳಿರಬೇಕು."

ಹಾಗಾಗಿ ಮೊದಲು ನನ್ನನ್ನೇ ತೆಗೆದು ನೋಡಿದೆ. ನೆನಪು ಒಂದಿಷ್ಟೂ ವಾಲಲಿಲ್ಲ. ನಾನಿಲ್ಲದೆಯೂ ಉರಿ ನೀಲಿಯಾಗೇ ಇತ್ತು, ಕಬ್ಬಿಣ ಕತ್ತರಿಸಿಯೇ ಹೋಗಿತ್ತು. ಸ್ವಲ್ಪ ಬೇಜಾರಾಯಿತು.

ಕಾಲೇಜಿನಲ್ಲಿ ಓದುವಾಗ ಒಮ್ಮೆ ನಮ್ಮನ್ನೆಲ್ಲ ಬಾದಾಮಿಗೆ ಕರೆದುಕೊಂಡು ಹೋಗಿದ್ದರು. ಗುಹೆಯ ಕಂಬಗಳ ನಡುವೆ ನಿಂತು ಒಬ್ಬ ಮೇಷ್ಟ್ರು ಇದರಲ್ಲಿ ಒಂದು ಕಂಬ ತೆಗೆದರೆ ಏನಾಗುತ್ತದೆ ಎಂದು ಕೇಳಿದರು. ಬೀಳುತ್ತದೆ ಎಂದೆವು. ಇಲ್ಲ, ಇಲ್ಲಿ ಯಾರೂ ಕಂಬ ತಂದು ನಿಲ್ಲಿಸಿಲ್ಲ, ಬೆಟ್ಟ ಕಡಿಯುವಾಗ ಇಷ್ಟನ್ನು ಉಳಿಸಿದ್ದಾರೆ, ಕೂಡಿಸಿದ ಜಾಗವೇ ಇಲ್ಲ, ಒಂದು ಹೋದರೂ ಬೆಟ್ಟ ಹಿಡಿದುಕೊಳ್ಳುತ್ತದೆ ಎಂದು ಹೇಳುವಷ್ಟರಲ್ಲಿ ಒಂದು ಮಂಗ ಬಂದು ಅವರ ಕೈಯಲ್ಲಿದ್ದ ಬಾಳೆಹಣ್ಣು ಕಸಿದುಕೊಂಡು ಹೋಯಿತು. ಪಾಠ ಅಲ್ಲಿಗೇ ನಿಂತಿತು. ಅದೇ ವಾರ ಇಳಕಲ್ಲಿಗೆ ಹೋಗಿ ಬಂಡೆಗಲ್ಲಿನ ಮೇಲೆ ಕೂತಾಗ ಚೀಲ ತೂಗುಹಾಕಿದ್ದ ಕಿವಿ ಕಣ್ಣಿಗೆ ಬಿತ್ತು. ಅಂಚಿನಲ್ಲಿ ಕಬ್ಬಿಣ ಕರಗಿ ಗಂಟುಗಟ್ಟಿದ ಗುರುತು. ಅದನ್ನು ಯಾರೂ ಪ್ರೀತಿಯಿಂದ ಮಾಡಿಟ್ಟಿರಲಿಲ್ಲ. ಚಾಚಾ ಕತ್ತರಿಸಿ ಉಳಿದದ್ದು ಅದು, ಎರಡನ್ನೂ ನಾನು ಅದುವರೆಗೆ ಕೂಡಿಸಿ ನೋಡಿರಲಿಲ್ಲ. ನಾನು ಇಷ್ಟು ವರ್ಷ ನೋಡಿ ಸುಖಪಟ್ಟ ಬಿಸಿಲು ಒಳಗೆ ಬರುತ್ತಿದ್ದುದು, ಇರಬೇಕಾದ ಕಬ್ಬಿಣ ಇಲ್ಲದ ಜಾಗದಿಂದ.

ಅವತ್ತೇ ಮಾಮಾನಿಗೆ ಹೇಳಿದೆ. ಅವನು ಗಾದಿಯ ಮೇಲೆ ಕಾಲು ಮಡಚಿ ಕೂತು ಸೀರೆ ಮಡಚುತ್ತಿದ್ದ. "ಬಿದ್ದಿಲ್ಲಲ್ಲ?" ಎಂದ.

"ಬಿದ್ದಿಲ್ಲ ಅಂದ್ರ ಗಟ್ಟಿ ಐತಿ ಅಂತಲ್ಲ ಮಾಮಾ. ಇನ್ನೂ ಯಾರೂ ದೂಡಿಲ್ಲ ಅಂತ."

"ದೂಡಾಕ ಯಾರ ಬರ್ತಾರ? ನಮ್ಮ ನೆಲಾ ಗಟ್ಟಿ. ಕೆಳಗ ಹಾಸುಗಲ್ಲ ಐತಿ, ಗ್ರಾನೈಟ್. ನಿಮ್ಮ ಪುಸ್ತಕ ಬರದಾವ ಇಳಕಲ್ಲ ನೋಡಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ ಅನಿಸುತ್ತದೆ.

ಅದಾಗಿ ಬಹಳ ವರ್ಷಗಳ ಮೇಲೆ, ನಾನು ಪಾಠ ಹೇಳುವ ಕೆಲಸಕ್ಕೆ ಸೇರಿದ ನಂತರ, ಒಂದು ಮುಂಜಾನೆ ಮಾಮಾನ ಫೋನು ಬಂತು. "ಏ ಇಂಜಿನಿಯರ್ರ, ನೆಲಾ ನಡಗ್ತು."

"ಯಾವಾಗ?"

"ಈಗ. ಚಾ ಕುಡಿಯಾಕತ್ತಿದ್ದೆ. ಕಪ್ಪಿನ ಕೆಳಗಿನ ಬಸಿ ತಾನ ಕುಣೀತು. ಬಾ ನೀ, ಇವತ್ತ ಬಾ."

ಬಸ್ಸು ಕಮತಗಿ ದಾಟಿ, ಅಮೀನಗಡ ದಾಟಿ, ಹುನಗುಂದಕ್ಕೆ ಬರುವವರೆಗೂ ಆ ಮನೆಯ ಚೌಕಟ್ಟನ್ನು ತಲೆಯೊಳಗೆ ಬರೆಯುತ್ತಲೇ ಇದ್ದೆ. ನೆಲ ರಸ್ತೆಯುದ್ದಕ್ಕೆ ಅಲುಗಿದರೆ ಆ ಸಾಲು ಹಿಡಿಯುವವರಿಲ್ಲದೆ ವಾಲುತ್ತದೆ. ವಾಲಿದ ಕಂಬದ ಮೇಲೆ ಮೇಲಿನ ಸಂಸಾರ, ಟಾಕಿಯ ನೀರು ಓರೆಯಾಗಿ ಕೂಡುತ್ತವೆ. ಓರೆ ಭಾರ ಅದನ್ನು ಇನ್ನೂ ವಾಲಿಸುತ್ತದೆ. ಎಲ್ಲಕ್ಕಿಂತ ಮೊದಲು ಮಡಚಿಕೊಳ್ಳುವುದು ಕಡೆಯ ಅಂಕಣದ ಕಂಬ, ಅದರಿಂದ ತೊಲೆ ಕಳಚುತ್ತದೆ, ಆಮೇಲೆ ನಡುವಿನದು. ಮೊದಲು ಹೋಗುವ ಆ ಕಂಬದ ಪಕ್ಕದಲ್ಲೇ, ಸೊಂಟದವರೆಗೆ ನೆಲದಲ್ಲಿ ಇಳಿದು ಕೂತಿರುವವಳು ಚಿಗವ್ವ. ಕುಣಿಯಿಂದ ಎದ್ದು ಓಡುವುದು ಯಾರಿಗೂ ಸುಲಭವಲ್ಲ.

ನಾನು ಹೋದಾಗ ಮನೆಯವರು ಯಾರು ಎಲ್ಲಿದ್ದರು, ಯಾವ ಪಾತ್ರೆ ಸದ್ದು ಮಾಡಿತು ಎಂದು ಇನ್ನೂ ಹೇಳಿಕೊಳ್ಳುತ್ತಿದ್ದರು. ಚಿಗವ್ವ ಮಾತ್ರ ಮಗ್ಗದಲ್ಲೇ ಇದ್ದಳು.

"ಯಾರೋ ಹಾಸಿನ ಮ್ಯಾಲ ಬೆರಳ ಆಡಿಸಿದಂಗ ಆತು," ಎಂದಳು ನನಗೆ. "ಎಳಿ ಎಲ್ಲಾ ಒಮ್ಮೆಲೆ ಗುಂಯ್ ಅಂದ್ವು."

"ಆಕಿ ಮಗ್ಗ ದಿನಾ ಗುಂಯ್ ಅಂತೈತಿ," ಎಂದ ಮಾಮಾ. ಅವನು ಹೆದರಿದ್ದ. ಹೆದರಿದಾಗ ಅವನಿಗೆ ಎಲ್ಲವೂ ಅವತ್ತೇ ಆಗಬೇಕು. "ಕ್ರಾಸ್ ಮೊದಲ ಎಲ್ಲಿತ್ತೋ ಅಲ್ಲೇ ಹಚ್ಚಿಸಿಬಿಡ್ತೇನಿ. ಹುನಗುಂದಕ್ಕ ಫೋನ್ ಹಚ್ಚೇನಿ, ನಾಳಿ ಬರ್ತಾನ."

"ಅಲ್ಲೇ ಅಂದ್ರ ನನ್ನ ಹಾಸಿನ ಮ್ಯಾಲ," ಎಂದಳು ಚಿಗವ್ವ.

"ಮಗ್ಗ ಮ್ಯಾಲ ಒಯ್ಯೋಣು. ಮ್ಯಾಲಿನ ಖೋಲಿ ಖಾಲಿ ಐತಿ."

"ಕುಣಿ ಹ್ಯಾಂಗ ಮ್ಯಾಲ ಒಯ್ತಿ ಅಣ್ಣಾ? ಒಯ್ಯಿ. ನಾ ನಿಂತ ನೋಡ್ತೇನಿ."

ನಾನು ನಗು ತಡೆದೆ. ಮಾಮಾನಿಗೆ ನಗು ಬರಲಿಲ್ಲ. ದನಿ ತಗ್ಗಿಸಿ, "ಸಾಕ ಬಿಡ ತಂಗಿ ನೇದದ್ದು. ಇನ್ನ ಕುಂತ ಉಣ್ಣು. ನಿನಗ ಏನ ಕಮ್ಮಿ ಮಾಡೇನಿ?" ಎಂದ.

ಅವನು ಅಂದದ್ದು ಪ್ರೀತಿಯಿಂದಲೇ. ಚಿಗವ್ವ ಲಾಳಿ ಕೆಳಗಿಟ್ಟಳು. ಅವಳು ನೇಯುತ್ತ ನೇಯುತ್ತಲೇ ಮಾತಾಡುವವಳು. ಮಾತಾಡದೆ ಲಾಳಿ ಕೆಳಗಿಟ್ಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮಾಮಾ ಅಂಗಡಿಗೆ ಹೋದ ಮೇಲೆ ಅವಳು ನನ್ನ ಕಡೆ ನೋಡದೆ ಹೇಳಿದಳು, "ಮಗ್ಗ ಇದ್ರ ಇದು ನನ್ನ ಮನಿ. ಮಗ್ಗ ಹೋತಂದ್ರ ಅಣ್ಣನ ಮನಿ. ಅದನ್ನ ನಿನ್ನ ಲೆಕ್ಕದಾಗ ಹಿಡಿ."

ಮರುದಿನ ಚಾಚಾ ವೆಲ್ಡಿಂಗ್ ಸಾಮಾನು ಗಾಡಿಯಲ್ಲಿ ಹೇರಿಕೊಂಡು ಬಂದ. ಇಳಿಯುತ್ತಲೇ, "ಕತ್ತರಿಸಿದಾವನ ಹಚ್ಚಬೇಕೇನ್ರಿ ಸಾಹುಕಾರ್ರ? ಕತ್ತರಿಸೋ ಮುಂದ ಹೇಳಿದ್ರ ಬಾಜೂಕ ಇಟ್ಟಿರ್ತಿದ್ನಿ," ಎಂದ. ಪಡಸಾಲೆಯಲ್ಲಿ ಚಾ ಬಂತು. ಯಾಕೆ ಕತ್ತರಿಸಿದೆ ಎಂದು ನಾನು ಕೇಳಿದೆ.

"ಅಕ್ಕಾರು ಹಾಸಿಗೆ ಅಡ್ಡಾಗತೈತಿ ಅಂದ್ರು, ಒಂದ ಕತ್ತರಿಸಿದ್ನಿ ಬೇಟಿ."

ಹಾಸಿಗೆ ಎಂಬ ಅವನ ಮಾತಿಗೆ ಯಾರೂ ನಗಲಿಲ್ಲ, ಇಳಕಲ್ಲಿನಲ್ಲಿ ಆ ಮಾತು ಮೊದಲು ಮಗ್ಗದ್ದೇ. ನಾನು ಕೇಳಿಸಿಕೊಂಡದ್ದು ಒಂದು ಎಂಬುದನ್ನು.

"ಒಂದ? ಎರಡೂ ಇಲ್ಲಲ್ಲ ಚಾಚಾ."

"ಇನ್ನೊಂದು ಇವರ ಕತ್ತರಿಸು ಅಂದ್ರು." ಗಲ್ಲದಿಂದ ಮಾಮಾನ ಕಡೆ ತೋರಿಸಿದ. "ಒಂದ ಕಾಲಿನ ಕೊಕ್ಕರಿ ಕಂಡಂಗ ಕಾಣ್ತೈತಿ, ಚೆಂದಿಲ್ಲ, ಅದನ್ನೂ ತಗಿ ಅಂದ್ರು."

"ನಾ ಎಲ್ಲೆ ಅಂದ್ನಿ?" ಎಂದ ಮಾಮಾ. "ನಾ ಅವತ್ತ ಊರಾಗ ಇರಲಿಲ್ಲ. ಅಮೀನಗಡಕ್ಕ ಹೋಗಿದ್ದೆ."

"ಹೋಗಿ ಬಂದಿದ್ದಿ," ಎಂದಳು ಕುಣಿಯೊಳಗಿಂದ ಚಿಗವ್ವ. "ಇಲ್ಲೇ ನಿಂತು ಕರದಂಟ ತಿನ್ನಾಕತ್ತಿದ್ದಿ. ನನಗೂ ಒಂದ ತುಂಡ ಕೊಟ್ಟಿ."

"ಕರದಂಟ ಕೊಟ್ಟದ್ದ ನೆನಪೈತಿ. ಕತ್ತರಿಸಂದದ್ದು ನೆನಪಿಲ್ಲ."

"ಸಿಹಿ ಇದ್ದದ್ದಷ್ಟ ನೆನಪ ಇಡ್ತೀರಿ ಸಾಹುಕಾರ್ರ," ಎಂದ ಚಾಚಾ, ಬಸಿಗೆ ಚಾ ಸುರುವಿಕೊಳ್ಳುತ್ತ.

ಒಂದು ಕಬ್ಬಿಣ ಉಳಿದಿದ್ದರೂ ನನ್ನ ಅರ್ಧ ಚಿಂತೆ ಇರುತ್ತಿರಲಿಲ್ಲ. ಎರಡನೆಯದು ಯಾರಿಗೂ ಅಡ್ಡ ಬಂದಿರಲಿಲ್ಲ. ಚೆಂದಕ್ಕೆ, ಸರಿಸಮ ಕಾಣಲಿ ಎಂದು ಹೋಯಿತು. ಸೀರೆಯ ಎರಡೂ ಅಂಚು ಒಂದೇ ಇರಬೇಕು ಎಂದು ಹಟ ಹಿಡಿಯುವ ಊರಿನಲ್ಲಿ ಮಾತ್ರ ಆಗಬಹುದಾದ ತಪ್ಪು. ಅದನ್ನು ಯಾರು ಅಂದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮಾಮಾನನ್ನು ಆ ದಿನದಿಂದ ತೆಗೆದರೆ ಕರದಂಟು ಕೆಳಗೆ ಬೀಳುತ್ತದೆ. ಇಟ್ಟುಕೊಂಡರೆ ಅವನ ಮಾತು ಬೀಳುತ್ತದೆ.

ಮಾಮಾ ಚಾ ಮುಗಿಸಿ, "ಆತು, ಯಾರರ ಅಂದಿರ್ಲಿ. ಈಗ ಹಚ್ಚು," ಎಂದ. ಚಾಚಾ ಎದ್ದ. ಮಗ್ಗದ ಮೇಲೆ ಸೀರೆ ಅರ್ಧ ಆಗಿತ್ತು. ಚಿಗವ್ವ ಏಳಲಿಲ್ಲ. ಅವಳು ಏಳದೆ ಕ್ರಾಸ್ ಹಚ್ಚಲು ಆಗುವುದಿಲ್ಲ, ಎಬ್ಬಿಸುವ ಧೈರ್ಯ ಮೂವರಲ್ಲಿ ಯಾರಿಗೂ ಇರಲಿಲ್ಲ. ನಾನು ಮಧ್ಯಾಹ್ನದವರೆಗೆ ಟೈಮು ಕೇಳಿದೆ.

ಕ್ರಾಸ್ ಯಾಕೆ ಬೇಕು ಎನ್ನುವುದನ್ನಾದರೂ ಅವಳಿಗೆ ತೋರಿಸಬೇಕು ಅಂದುಕೊಂಡೆ. ಮಗ್ಗದ ಪಕ್ಕ ಬಿದ್ದಿದ್ದ ಬಿದಿರಿನ ಕಡ್ಡಿಗಳನ್ನು ಅವಳದೇ ದಾರದಿಂದ ಕಟ್ಟಿ ಬಂಡೆಗಲ್ಲಿನ ಮೇಲೆ ಮೂರು ಅಂಕಣದ ಒಂದು ಸಾಲು ಮಾಡಿದೆ. ಬೆರಳಿನಿಂದ ದೂಡಿದೆ. ಸಾಲು ಪೂರ್ತಿ ಪಕ್ಕಕ್ಕೆ ಮಲಗಿತು. ಕಡೆಯ ಅಂಕಣದಲ್ಲಿ ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿದು ಮತ್ತೆ ದೂಡಿದೆ. ಅಲುಗಲಿಲ್ಲ. ಮಾಮಾ, ಚಾಚಾ ಬಗ್ಗಿ ನೋಡುತ್ತಿದ್ದರು. ಚಿಗವ್ವ ಕುಣಿಯಿಂದಲೇ ಕತ್ತು ಚಾಚಿದ್ದಳು. ದಾರ ಬಿಚ್ಚಿ ಮೊದಲನೆಯ ಅಂಕಣದಲ್ಲಿ ಕಟ್ಟಿ ದೂಡಿದೆ. ಆಗಲೂ ಅಲುಗಲಿಲ್ಲ. ಇದನ್ನು ಬೇಕೆಂದೇ ಮಾಡಿದೆನೋ, ಕಡೆಯ ಅಂಕಣದ ದಾರ ಸಿಕ್ಕುಬಿದ್ದಿತ್ತೆಂದು ಮಾಡಿದೆನೋ, ಹೇಳಲಾರೆ. ತರಗತಿಯಲ್ಲಿ ಈ ಕತೆ ಹೇಳುವಾಗ ಬೇಕೆಂದೇ ಮಾಡಿದೆ ಎನ್ನುತ್ತೇನೆ.

"ಅಂದ್ರ ಒಂದ ಸಾಲಿನಾಗ ಎಲ್ಲೆ ಕಟ್ಟಿದ್ರೂ ನಡೀತೈತಿ?" ಎಂದಳು ಚಿಗವ್ವ.

"ಹೌದು. ಬುಡಾ ಗಟ್ಟಿ ಮಾಡಬೇಕು, ಅಷ್ಟ."

"ಹಂಗಾದ್ರ ಅಣ್ಣನ ಬಾಗಲದಾಗ ಕಟ್ಟು."

ಮಾಮಾ ಬಂಡೆಗಲ್ಲಿನ ಮೇಲಿನ ಕಡ್ಡಿಯ ಮನೆಯನ್ನು ನೋಡಿದ, ಆಮೇಲೆ ರಸ್ತೆಯ ಕಡೆ, ತನ್ನ ಅಂಗಡಿಯ ಶಟರ್ ಕಡೆ. "ಗಿರಾಕಿ ಬರೋ ಬಾಗಲಕ್ಕ ಕಬ್ಬಿಣ ಅಡ್ಡ ಹಾಕ್ತೀ? ಯಾರರ ತಲಿ ಬಡಕೊಂಡು ಸತ್ರ?"

"ನಿನ್ನ ಗಿರಾಕಿ ಸೀರಿ ರೇಟ್ ಕೇಳಿನ ಸಾಯ್ತಾರ. ತಲಿ ಬಡಕೊಳ್ಳೂತನಕ ಎಲ್ಲೆ ಉಳೀತಾರ?" ಎಂದಳು.

ಚಾಚಾ ಮುಖ ತಿರುಗಿಸಿಕೊಂಡು ಕೆಮ್ಮಿದ. ನಾನು ಕ್ರಾಸನ್ನು ಗುಣಾಕಾರದ ಹಾಗೆ ಹಾಕಬೇಕಾಗಿಲ್ಲ ಎಂದು ಹೇಳಿದೆ. ಕೆಳಗೆ ಎರಡು ಕಾಲು ಅಗಲಿಸಿ, ಮೇಲೆ ತೊಲೆಯ ನಟ್ಟನಡುವೆ ತಲೆ ಕೂಡಿಸಿದರೆ ನಡುವೆ ಜನ ನೆಟ್ಟಗೆ ಹೋಗಬಹುದು. ಕಡ್ಡಿಯಲ್ಲಿ ಮಾಡಿ ತೋರಿಸಿದೆ. ಮಾಮಾ ಎದ್ದು ಹೊರಟುಹೋದ. ಅವತ್ತು ಊಟಕ್ಕೂ ನಮ್ಮ ಜೊತೆ ಕೂಡಲಿಲ್ಲ. ಅಂಗಡಿ ಅವನಿಗೆ ಅಂಗಡಿ ಮಾತ್ರ ಆಗಿರಲಿಲ್ಲ. ಆ ದೊಡ್ಡ ಬಾಗಿಲು, ರಸ್ತೆಯಿಂದ ಒಳಗಿನ ಗಾದಿಯವರೆಗೆ ಯಾವ ಅಡ್ಡಿಯೂ ಇಲ್ಲದೆ ಕಾಣುವುದು, ಗಿರಣಿಯ ಕಬ್ಬಿಣ ಇಳಿಸಿದ ದಿನದಿಂದ ಅವನು ಕಂಡ ಕನಸು. ತಂಗಿಯ ಮನೆ ಕುಣಿಯಲ್ಲಿದ್ದರೆ ಅವನದು ಆ ಬಾಗಿಲಿನಲ್ಲಿತ್ತು.

ಮರುದಿನ ಮುಂಜಾನೆ ಏನೋ ಎಳೆಯುವ ಸದ್ದಿಗೆ ಹೊರಗೆ ಬಂದೆ. ಮಾಮಾ ಒಬ್ಬನೇ ಬಾಗಿಲ ಬಳಿಯ ಗಾದಿಯನ್ನು ಒಳಗೆ ಎಳೆಯುತ್ತಿದ್ದ. ಸೀರೆ ಉಡಿಸಿ ನಿಲ್ಲಿಸಿದ್ದ ಗೊಂಬೆಯನ್ನು ಆಗಲೇ ಗೋಡೆಗೆ ಮುಖ ಮಾಡಿ ಸರಿಸಿಟ್ಟಿದ್ದ. ನನ್ನನ್ನು ಕಂಡು, "ಬುಡಾ ಎಷ್ಟ ಆಳ ಅಗೀಬೇಕು?" ಎಂದು ಮಾತ್ರ ಕೇಳಿದ. ಕರದಂಟಿನ ದಿನದ ಬಗ್ಗೆ ಅವನು 'ನಾ ಅಂದ್ನಿ' ಎಂದು ಯಾವತ್ತೂ ಒಪ್ಪಿಕೊಂಡಿಲ್ಲ. ಗಾದಿ ಎಳೆದದ್ದನ್ನು ಮಾತ್ರ ನಾನು ಕಣ್ಣಾರೆ ನೋಡಿದೆ. ಇದರಲ್ಲಿ ನನ್ನ ತಾಯಿ ಇರಲಿಲ್ಲ. ಯಾರೂ ನನಗೆ ಹೇಳಿದ್ದಲ್ಲ.

ನನ್ನ ಲೆಕ್ಕವನ್ನು ನಾನೊಬ್ಬಳೇ ನಂಬಬಾರದೆಂದು ಇನ್ನೊಬ್ಬರಿಂದಲೂ ನೋಡಿಸಿದೆ. ಕಂಬದ ಬುಡ ಅಗೆದು ಕಾಂಕ್ರೀಟು ಹೆಚ್ಚಿಸಿದರು. ಚಾಚಾ ಹೊಸ ಪ್ಲೇಟು, ಹೊಸ ಕಬ್ಬಿಣ ತಂದ. ಹಚ್ಚುವಾಗ, "ಈ ಸಲ ಕತ್ತರಿಸಾಕ ಕರದ್ರ ನಾ ಬರಂಗಿಲ್ಲ, ಮೊದಲ ಹೇಳೇನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಕೂಡುವ ಜಾಗಗಳನ್ನು ನಾನು ಒಂದೊಂದಾಗಿ ಹತ್ತಿರ ನಿಂತು ನೋಡಿದೆ. ಕಡೆಯ ಖೋಲಿಯಲ್ಲಿ ಚಿಗವ್ವ ಅರ್ಧ ಆಗಿದ್ದ ಸೀರೆ ಮುಗಿಸಿ, ಮುಂದಿನದರ ಸೆರಗಿನ ಕೆಂಪು ಎಳೆಗೆ ಒಡಲಿನ ಎಳೆ ಕೊಂಡಿ ಹಾಕುತ್ತಿದ್ದಳು. ಅವಳನ್ನು ನೋಡಲು ಯಾರೂ ನಿಂತಿರಲಿಲ್ಲ.

ಈಗ ಮಾಮಾ ಅಂಗಡಿಗೆ ಬಂದವರಿಗೆಲ್ಲ ಬಾಗಿಲಿನ ಕಬ್ಬಿಣ ತಟ್ಟಿ ತೋರಿಸುತ್ತಾನೆ. "ಭೂಕಂಪಕ್ಕರಿ. ನನ್ನ ಐಡಿಯಾ. ನಮ್ಮ ಸೊಸಿ ಲೆಕ್ಕಾ ಹಾಕಿಕೊಟ್ಲು." ಸೊಸಿ ಅಂದರೆ ನಾನು, ಅವನ ತಂಗಿಯ ಮಗಳು. ಹೆಂಗಸರು ಒಳಗೆ ಬರುವಾಗ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದೂ ಉಂಟು, ಯಾಕೆಂದರೆ ಮಾನವಮಿಯ ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚುತ್ತಾರೆ. ಚಿಗವ್ವ ಅವನ ಮಾತನ್ನು ತಿದ್ದುವುದಿಲ್ಲ. ಒಮ್ಮೆ ನಾನೇ ತರಗತಿಯಲ್ಲಿ, ಇದು ನಮ್ಮ ಮಾಮಾನ ವಿಚಾರ ಎಂದುಬಿಟ್ಟೆ. ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು.

ಇನ್ನೊಂದು ಮಾತಿದೆ. ಆ ಮುಂಜಾನೆ ನೆಲ ನಡುಗಿದ್ದು ಓಣಿಯಲ್ಲಿ ಬೇರೆ ಯಾರಿಗೂ ಗೊತ್ತಾಗಿರಲಿಲ್ಲ. ಗ್ರಾನೈಟ್ ದಿಮ್ಮಿ ಹೇರಿದ ದೊಡ್ಡ ಲಾರಿ ಹೋಗಿರಬೇಕು ಎಂದು ಎದುರು ಮನೆಯವರು ಅಂದರು. ಇದ್ದರೂ ಇರಬಹುದು. ಆ ರಸ್ತೆಯಲ್ಲಿ ಅವು ದಿನಾ ಹೋಗುತ್ತವೆ, ದಿನಾ ಬಸಿ ಕುಣಿಯುವುದಿಲ್ಲ ಎನ್ನುತ್ತಾನೆ ಮಾಮಾ. ಹಾಗಾಗಿ ಭೂಕಂಪವನ್ನೇ ತೆಗೆದು ನೋಡಿದ್ದೇನೆ. ಅದಿಲ್ಲದೆಯೂ ಕಬ್ಬಿಣ ಬಾಗಿಲಲ್ಲಿದೆ, ಹಾಸು ಪಡಸಾಲೆಯವರೆಗೆ ಹೋಗುತ್ತದೆ. ನಿಂತ ಕಟ್ಟಡ ಇಷ್ಟು ದಿನ ನಿಂತಿತ್ತು ಎನ್ನುವುದನ್ನು ಬಿಟ್ಟು ಬೇರೇನನ್ನೂ ಸಾಬೀತು ಮಾಡುವುದಿಲ್ಲ. ನಮ್ಮ ಕೆಲಸ ಸರಿಯಿತ್ತೋ ಇಲ್ಲವೋ ಎಂದು ನನಗೆ ಯಾವತ್ತೂ ತಿಳಿಯದಿರಲಿ.

ಕೆಲಸ ಮುಗಿದ ದಿನ ಚಾಚಾನಿಗೆ, ಕಡೆಯ ಖೋಲಿಯ ಕಂಬಗಳ ಮೇಲಿನ ಆ ಎರಡು ಕಿವಿಗಳನ್ನೂ ತೆಗೆದುಬಿಡಿ, ಇನ್ನು ಅವುಗಳಿಂದ ಏನೂ ಉಪಯೋಗವಿಲ್ಲ ಎಂದು ಹೇಳಿದ್ದೆ. ಅವನು ಕತ್ತರಿಸುವ ಮಷೀನು ಹಿಡಿದು ಖೋಲಿಯ ಹೊಸ್ತಿಲಿಗೆ ಬಂದ.

ಚಿಗವ್ವ ಲಾಳಿ ನಿಲ್ಲಿಸಲಿಲ್ಲ. "ಚೀಲಾ ಎಲ್ಲೆ ಹಾಕ್ಲಿ?" ಎಂದಳು.

ಚಾಚಾ ನನ್ನ ಮುಖ ನೋಡಿದ. ನಾನು ಕಂಬ ನೋಡಿದೆ. ಬಿಸಿಲು ಒಳಗೆ ಬಂದು ಹಾಸಿನ ಮೇಲೆ ಕೂತಿತ್ತು. ಚಾಚಾ ಮಷೀನಿನ ವಾಯರು ಸುತ್ತಿಕೊಂಡು ಹೊರಗೆ ಹೋದ.